ಭೀಮಾ ತೀರದ ಬಾಳಿನಲ್ಲಿ ದೈವಭರವಸೆ: ಬೈಬಲಿನ ಜ್ಞಾನಸಾಹಿತ್ಯವೂ ಆಳಂದ, ಅಫಜಲಪುರ, ಜೇವರ್ಗಿ ಪರಿಸರವೂ

೧. ಪೀಠಿಕೆ

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಧಾರ್ಮಿಕ ಇತಿಹಾಸವನ್ನು ಕುರಿತು ವಿಚಾರಮಾಡಹೊರಟವರಿಗೆ ಶರಣರು, ಸೂಫಿಗಳು, ದತ್ತಸಂಪ್ರದಾಯದ ಯತಿಗಳು, ತತ್ತ್ವಪದಕಾರರು ಒಡನೆಯೇ ನೆನಪಿಗೆ ಬರುತ್ತಾರೆ. ಇದೇ ನೆಲದಲ್ಲಿ ಬಾಳುತ್ತಿರುವ ಕ್ರೈಸ್ತ ಕುಟುಂಬಗಳ ಮಾತು ಬಂದಾಗ ಮಾತ್ರ ನಮ್ಮ ಬರವಣಿಗೆ ಮಿಷನ್ನಿನ ಸ್ಥಾಪನೆ, ಶಾಲೆ, ಆಸ್ಪತ್ರೆ, ಮತಾಂತರ ಹೊಂದಿದವರ ಸಂಖ್ಯೆ ಇಷ್ಟಕ್ಕೆ ನಿಂತುಬಿಡುತ್ತದೆ. ಆ ಕುಟುಂಬಗಳು ನಿತ್ಯಜೀವನದಲ್ಲಿ ದೇವರನ್ನು ನಂಬುವುದನ್ನು ಹೇಗೆ ಕಲಿತವು, ಯಾವ ಮಾತುಗಳಲ್ಲಿ ಕಲಿತವು ಎಂಬ ಪ್ರಶ್ನೆಯನ್ನು ನಾವು ಕೇಳಿದ್ದು ಅಪರೂಪ.

ಪ್ರಸ್ತುತ ಲೇಖನದಲ್ಲಿ ಈ ಪ್ರಶ್ನೆಯನ್ನು ಬೈಬಲಿನ ಜ್ಞಾನಸಾಹಿತ್ಯದ ಮೂಲಕ ನೋಡಬೇಕೆಂಬುದು ನಮ್ಮ ಉದ್ದೇಶ. ಜ್ಞಾನೋಕ್ತಿಗಳು, ಯೋಬನ ಗ್ರಂಥ, ಪ್ರಸಂಗಿ ಇವು ಹಳೆಯ ಒಡಂಬಡಿಕೆಯ ಜ್ಞಾನಗ್ರಂಥಗಳು. ಹೊಸ ಒಡಂಬಡಿಕೆಯಲ್ಲಿ ಯಾಕೋಬನ ಪತ್ರಿಕೆ ಇವುಗಳ ಜಾಡನ್ನೇ ಹಿಡಿದಿದೆ. ಇವುಗಳಲ್ಲಿ ತಾತ್ತ್ವಿಕ ಸಿದ್ಧಾಂತಗಳಿಗಿಂತ ಹೊಲ, ಮನೆ, ಅಂಗಡಿ, ಸಾಲ, ಕೂಲಿ ಇವುಗಳ ವಿಷಯವೇ ಹೆಚ್ಚು. ಆದುದರಿಂದ ಒಕ್ಕಲುತನದ ನಾಡೊಂದರಲ್ಲಿ ಈ ಗ್ರಂಥಗಳಿಗೆ ಉಂಟಾಗಬಹುದಾದ ಅರ್ಥ ವಿಶೇಷವಾದುದು.

೨. ನೆಲ ಮತ್ತು ಅದರ ಹಳೆಯ ಭರವಸೆ

ಆಳಂದ ತಾಲ್ಲೂಕಿನಲ್ಲಿ ಹುಟ್ಟುವ ಅಮರ್ಜಾ ನದಿ ಅಫಜಲಪುರ ತಾಲ್ಲೂಕಿನ ಗಾಣಗಾಪುರದ ಬಳಿ ಭೀಮೆಯನ್ನು ಸೇರುತ್ತದೆ. ಭೀಮೆ ಮುಂದೆ ಜೇವರ್ಗಿಯ ಸೀಮೆಯನ್ನು ಹಾಯುತ್ತದೆ. ಈ ಕಪ್ಪು ಎರೆಯ ನೆಲದಲ್ಲಿ ಜೋಳವೇ ಜನರ ಮುಖ್ಯ ಅನ್ನ. ಮಳೆ ನಂಬತಕ್ಕದ್ದಲ್ಲ. ೧೮೭೬ರಿಂದ ೧೮೭೮ರವರೆಗೆ ದಕ್ಷಿಣ ಭಾರತವನ್ನು ಪೀಡಿಸಿದ ಮಹಾಕ್ಷಾಮ ಹೈದರಾಬಾದು ಸಂಸ್ಥಾನದ ಈ ಭಾಗವನ್ನೂ ಬಿಡಲಿಲ್ಲ. ೧೯೭೨ರ ಬರಗಾಲವನ್ನು ಕಂಡ ಹಿರಿಯರು ಇಂದಿಗೂ ನಮ್ಮ ನಡುವೆ ಇದ್ದಾರೆ. ಇಂಥ ನೆಲದಲ್ಲಿ ದೇವರ ಮೇಲಣ ಭರವಸೆ ನಾಳಿನ ರೊಟ್ಟಿಯ ಚಿಂತೆಯೊಡನೆ ಬೆರೆತೇ ಬರುತ್ತದೆ.

ಕ್ರೈಸ್ತ ಬೋಧನೆ ಇಲ್ಲಿಗೆ ಬರುವ ಮೊದಲೇ ಈ ಭರವಸೆಗೆ ಹಲವು ರೂಪಗಳು ಇದ್ದುವು. ಆಳಂದದಲ್ಲಿ ಲಾಡ್ಲೆ ಮಶಾಯಖರ ದರ್ಗಾ ಇದೆ. ತನ್ನ ಹೊಣೆಯನ್ನೆಲ್ಲ ದೇವರಿಗೆ ಒಪ್ಪಿಸುವುದಕ್ಕೆ ಸೂಫಿಗಳಲ್ಲಿ ‘ತವಕ್ಕುಲ್’ ಎಂಬ ಹೆಸರುಂಟು. ಗಾಣಗಾಪುರದಲ್ಲಿ ನರಸಿಂಹ ಸರಸ್ವತಿಗಳ ನೆನಪಿನಲ್ಲಿ ಭಕ್ತರು ಇಂದಿಗೂ ಮಧುಕರಿಯ ಭಿಕ್ಷೆಯನ್ನು ಬೇಡುತ್ತಾರೆ. ಕೈಯಲ್ಲಿ ಏನೂ ಇಲ್ಲದೆ ನಿಲ್ಲುವುದನ್ನು ಆ ಆಚರಣೆ ಕಲಿಸುತ್ತದೆ. ಅಫಜಲಪುರದ ಬಿದನೂರಿನಲ್ಲಿ ಹುಟ್ಟಿ ಜೇವರ್ಗಿಯ ಕಡಕೋಳದಲ್ಲಿ ನೆಲೆಸಿದ ಮಡಿವಾಳಪ್ಪನವರೂ ಅವರ ಶಿಷ್ಯವರ್ಗಕ್ಕೆ ಸೇರಿದ ಚನ್ನೂರ ಜಲಾಲಸಾಹೇಬರೂ ತತ್ತ್ವಪದಗಳ ಮೂಲಕ ಜಾತಿಮತಗಳ ಗೋಡೆಯನ್ನು ದಾಟಿದವರು.

ಇವರೆಲ್ಲರಲ್ಲಿ ನಮ್ಮ ವಿಷಯಕ್ಕೆ ಅತ್ಯಂತ ಸಮೀಪದವರು ಶರಣಬಸವೇಶ್ವರರು (೧೭೪೬–೧೮೨೨). ಜೇವರ್ಗಿ ಸೀಮೆಯ ಅರಳಗುಂಡಗಿಯಲ್ಲಿ ಹುಟ್ಟಿ ಒಕ್ಕಲುತನ ಮಾಡಿಕೊಂಡಿದ್ದ ಅವರು ಹೊಲದ ಬೆಳೆಗೆ ಬಂದ ಹಕ್ಕಿಗಳನ್ನು ಓಡಿಸದೆ ಅವುಗಳಿಗೆ ನೀರಿಟ್ಟರೆಂದೂ, ಆದರೂ ಅವರ ಕಣದ ರಾಶಿ ಕುಂದಲಿಲ್ಲವೆಂದೂ ಐತಿಹ್ಯವುಂಟು. ಬಿತ್ತದ, ಕೊಯ್ಯದ ಹಕ್ಕಿಗಳನ್ನು ದೇವರೇ ಸಾಕುವನೆಂದು ಯೇಸು ಬೆಟ್ಟದ ಮೇಲೆ ಬೋಧಿಸಿದ ಸಂಗತಿ ಮತ್ತಾಯನ ಸುವಾರ್ತೆಯಲ್ಲಿದೆ. ಆ ಬೋಧನೆಯನ್ನು ಮೊದಲ ಬಾರಿ ಕೇಳಿದ ಜೇವರ್ಗಿಯ ರೈತನಿಗೆ ಅದು ಕೇವಲ ಪರದೇಶದ ಮಾತೆಂದು ತೋರಿರಲಾರದು. ಒಂದರಿಂದ ಇನ್ನೊಂದು ಹುಟ್ಟಿತೆಂದು ನಾವು ಹೇಳುತ್ತಿಲ್ಲ. ಹೊಸ ಬೀಜ ಬಿದ್ದ ನೆಲ ಮೊದಲೇ ಹದಗೊಂಡಿತ್ತೆಂಬುದಷ್ಟೇ ನಮ್ಮ ಅಭಿಪ್ರಾಯ.

೩. ಕನ್ನಡಕ್ಕೆ ಬಂದ ಜ್ಞಾನಗ್ರಂಥಗಳು

ಈ ತಾಲ್ಲೂಕುಗಳು ೧೯೪೮ರ ಸೆಪ್ಟೆಂಬರಿನವರೆಗೆ ನಿಜಾಮರ ಆಳಿಕೆಯಲ್ಲಿದ್ದು, ೧೯೫೬ರ ನವೆಂಬರ್ ೧ರಂದು ವಿಶಾಲ ಮೈಸೂರು ರಾಜ್ಯವನ್ನು ಸೇರಿದುವು. ಸಂಸ್ಥಾನದ ಆಡಳಿತ ಭಾಷೆ ಮೊದಲು ಫಾರಸಿ, ೧೮೮೪ರ ಅನಂತರ ಉರ್ದು. ಕನ್ನಡ ಅಕ್ಷರಾಭ್ಯಾಸಕ್ಕೆ ಅರಮನೆಯ ಆಶ್ರಯ ಸಾಲದೆ ಇದ್ದ ಕಾಲದಲ್ಲಿ ಕನ್ನಡ ಬೈಬಲು ಗಡಿಯಾಚೆಯಿಂದ ಬರಬೇಕಾಯಿತು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ೧೮೧೦ರಲ್ಲಿ ಬಳ್ಳಾರಿಗೆ ಬಂದು ಭಾಷಾಂತರವನ್ನು ಕೈಗೊಂಡರು. ೧೮೩೧ರ ವೇಳೆಗೆ ಸಂಪೂರ್ಣ ಬೈಬಲು ಕನ್ನಡದಲ್ಲಿ ಅಚ್ಚಾಗಿತ್ತು. ೧೮೩೪ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ೧೮೪೧ರಲ್ಲಿ ಅಲ್ಲಿ ಮುದ್ರಣಾಲಯವನ್ನು ತೆರೆಯಿತು. ಹರ್ಮನ್ ಮೊಗ್ಲಿಂಗ್, ಗಾಟ್‌ಫ್ರೀಡ್ ವೈಗಲ್ ಮೊದಲಾದವರು ಭಾಷಾಂತರದ ಪರಿಷ್ಕರಣಕ್ಕೆ ಶ್ರಮಿಸಿದರು.

ಇದೇ ಮೊಗ್ಲಿಂಗರು ದಾಸರ ಪದಗಳನ್ನು ಸಂಗ್ರಹಿಸಿ ಅಚ್ಚುಮಾಡಿಸಿದವರು ಎಂಬುದನ್ನು ಮರೆಯಲಾಗದು. ಫರ್ಡಿನೆಂಡ್ ಕಿಟ್ಟೆಲ್ ೧೮೬೨ರಲ್ಲಿ ಯೇಸುವಿನ ಚರಿತ್ರೆಯನ್ನು ‘ಕಥಾಮಾಲೆ’ಯಾಗಿ ದೇಶೀಯ ಛಂದಸ್ಸಿನಲ್ಲಿ ರಚಿಸಿದರು. ೧೮೯೪ರಲ್ಲಿ ಪ್ರಕಟವಾದ ಅವರ ನಿಘಂಟಿನಲ್ಲಿ ಶಬ್ದಗಳ ಅರ್ಥಕ್ಕೆ ಆಧಾರವಾಗಿ ಹೆಜ್ಜೆಹೆಜ್ಜೆಗೂ ಕನ್ನಡ ಗಾದೆಗಳು ಬಂದಿವೆ. ಜನರ ವಿವೇಕ ಗಾದೆಯಲ್ಲಿ ಸಂಚಿತವಾಗಿರುತ್ತದೆ ಎಂಬುದನ್ನು ಈ ವಿದ್ವಾಂಸರು ಬಲ್ಲವರಾಗಿದ್ದರು. ಜ್ಞಾನೋಕ್ತಿಗಳ ಗ್ರಂಥವೂ ಮೂಲದಲ್ಲಿ ಗಾದೆಗಳ ಸಂಗ್ರಹವೇ. ಅದರ ಒಂದು ಭಾಗಕ್ಕೂ ಈಜಿಪ್ಟಿನ ಅಮೆನೆಮೋಪನ ನೀತಿಬೋಧೆಗೂ ನಿಕಟವಾದ ಹೋಲಿಕೆಯಿದೆಯೆಂದು ೧೯೨೪ರಲ್ಲಿ ಜರ್ಮನ್ ವಿದ್ವಾಂಸ ಅಡಾಲ್ಫ್ ಎರ್ಮನ್ ತೋರಿಸಿಕೊಟ್ಟರು. ನೆರೆನಾಡಿನ ವಿವೇಕವನ್ನು ಅಳುಕಿಲ್ಲದೆ ತನ್ನದಾಗಿಸಿಕೊಂಡ ಈ ಗ್ರಂಥ ಕನ್ನಡದ ಗಾದೆಗಳ ನೆರೆಯಲ್ಲಿ ಬಂದು ನಿಂತುದು ಅದರ ಸ್ವಭಾವಕ್ಕೆ ಒಪ್ಪುವುದೇ ಆಗಿದೆ.

ಭಾಷಾಂತರದ ಎರಡು ಅಂಶಗಳು ಇಲ್ಲಿ ಗಮನಾರ್ಹ. ಮೊದಲನೆಯದು ಶಬ್ದದ ವಿಚಾರ. ‘ನಂಬಿಕೆ’ ಅಚ್ಚಕನ್ನಡ, ವಚನಕಾರರೂ ದಾಸರೂ ಬಳಸಿ ಪಳಗಿಸಿದ ಮಾತು. ‘ವಿಶ್ವಾಸ’ ಸಂಸ್ಕೃತದಿಂದ ಬಂದುದು; ಕನ್ನಡದಲ್ಲಿ ಅದಕ್ಕೆ ಪ್ರೀತಿಯ ಅರ್ಥವೂ ಕೂಡಿಕೊಂಡಿದೆ. ‘ಭರವಸೆ’ ಉತ್ತರದ ಭಾಷೆಗಳೊಡನೆ ಸಂಬಂಧವುಳ್ಳದ್ದು. ಪ್ರಾಟೆಸ್ಟೆಂಟರ ಬೈಬಲಿನಲ್ಲಿ ‘ನಂಬಿಕೆ’ ಎಂಬುದು ರೂಢಿಯಾಯಿತು. ಕಥೋಲಿಕರಲ್ಲಿ ‘ವಿಶ್ವಾಸ’ ಎಂಬುದೇ ಹೆಚ್ಚು ಬಳಕೆಯ ಮಾತು. ಸ್ವಂತ ಬುದ್ಧಿಯೊಂದನ್ನೇ ಆತುಕೊಳ್ಳದೆ ದೇವರಿಗೆ ಒರಗಿ ನಿಲ್ಲಬೇಕೆಂದು ಜ್ಞಾನೋಕ್ತಿಗಳು ಬೋಧಿಸುವ ಕಡೆಯಲ್ಲಿ ಭರವಸೆಯ ಮಾತು ಬಂದಿದೆ. ಎರಡನೆಯದು ಮಳೆಯ ವಿಚಾರ. ಪ್ಯಾಲೆಸ್ಟೈನಿನ ಮೊದಲ ಮಳೆ ಅಕ್ಟೋಬರಿನ ಸುಮಾರಿಗೂ ಕೊನೆಯ ಮಳೆ ಮಾರ್ಚ್ ಏಪ್ರಿಲಿನಲ್ಲಿಯೂ ಬೀಳುತ್ತವೆ. ಕನ್ನಡ ಭಾಷಾಂತರಕಾರರು ಅವನ್ನು ‘ಮುಂಗಾರು’, ‘ಹಿಂಗಾರು’ ಎಂದು ಕರೆದರು. ತಿಂಗಳ ಲೆಕ್ಕದಲ್ಲಿ ಇದು ಸರಿಹೊಂದದು; ಆದರೆ ಬೆಳೆಗಾಗಿ ಕಾಯುವ ರೈತನನ್ನು ತಾಳ್ಮೆಗೆ ನಿದರ್ಶನವಾಗಿ ಯಾಕೋಬನು ಕೊಡುವಾಗ, ಹಿಂಗಾರಿನ ಬಿಳಿಜೋಳಕ್ಕಾಗಿ ಮುಗಿಲು ನೋಡುವ ಭೀಮಾ ತೀರದ ಒಕ್ಕಲಿಗನಿಗೆ ಅದಕ್ಕೆ ಬೇರೊಂದು ವ್ಯಾಖ್ಯಾನ ಬೇಕಾಗಲಿಲ್ಲ.

೪. ನಿತ್ಯಜೀವನದ ಪಾಠ

೧೮೭೧ರ ವೇಳೆಗೆ ಸೊಲ್ಲಾಪುರದಿಂದ ರಾಯಚೂರಿನವರೆಗೆ ರೈಲುದಾರಿಯಾಯಿತು. ಅಮೆರಿಕದ ಮೆಥಡಿಸ್ಟ್ ಬೋಧಕ ವಿಲಿಯಂ ಟೇಲರ್ ೧೮೭೦ರ ದಶಕದಲ್ಲಿ ದಕ್ಷಿಣದ ನಗರಗಳಲ್ಲಿ ಸಭೆಗಳನ್ನು ಕಟ್ಟಿದರು. ೧೮೭೬ರಲ್ಲಿ ಅವರ ದಕ್ಷಿಣ ಭಾರತ ಕಾನ್ಫರೆನ್ಸ್ ಏರ್ಪಟ್ಟು, ಮುಂದೆ ಕೆಲಸ ಕಲಬುರಗಿ, ಬೀದರಗಳ ಹಳ್ಳಿಗಳ ಕಡೆಗೆ ಹಬ್ಬಿತು. ಕಥೋಲಿಕರ ಪೈಕಿ ನೆರೆಯ ಮುದ್ಗಲ್ಲಿನ ಸಮುದಾಯ ಆದಿಲಶಾಹಿ ಕಾಲದಷ್ಟು ಹಳೆಯದು. ಕಲಬುರಗಿ ಧರ್ಮಪ್ರಾಂತ ರಚಿತವಾದುದು ಮಾತ್ರ ೨೦೦೫ರಲ್ಲಿ. ಹಳ್ಳಿಗಳಲ್ಲಿ ಸಭೆಗೆ ಸೇರಿದವರಲ್ಲಿ ಬಹುಮಂದಿ ಭೂಮಿಯಿಲ್ಲದ ದಲಿತರು. ಓದಲಾರದವರಿಗೆ ಬೈಬಲು ಕಿವಿಯ ಗ್ರಂಥವಾಗಿತ್ತು. ಬೋಧಕರು, ಮನೆಮನೆಗೆ ಹೋಗುತ್ತಿದ್ದ ಸ್ತ್ರೀಯರು ಓದಿ ಹೇಳಿದುದನ್ನು ಕೇಳಿ ನೆನಪಿನಲ್ಲಿಡಬೇಕಾಗಿತ್ತು. ಚಿಕ್ಕ ಚಿಕ್ಕ ಜೋಡಿಸಾಲುಗಳ ಜ್ಞಾನೋಕ್ತಿ ಇಂಥ ನೆನಪಿಗೆ ಹೇಳಿಮಾಡಿಸಿದಂತಿದೆ.

ಜ್ಞಾನೋಕ್ತಿಗಳು ಏನನ್ನು ಕಲಿಸುತ್ತವೆ? ಮೋಸದ ತಕ್ಕಡಿಯನ್ನು ದೇವರು ಒಲ್ಲನು. ಹಿರಿಯರು ನೆಟ್ಟ ಗಡಿಕಲ್ಲನ್ನು ಕೀಳಬಾರದು. ಪರರ ಸಾಲಕ್ಕೆ ಜಾಮೀನು ನಿಂತವನು ಬೋನಿಗೆ ಬಿದ್ದಂತೆ. ಸೋಮಾರಿಯು ಇರುವೆಯನ್ನು ನೋಡಿ ಕಲಿಯಬೇಕು. ಬಡವನಿಗೆ ಕೊಟ್ಟುದು ದೇವರಿಗೆ ಕೊಟ್ಟ ಸಾಲ. ಇವುಗಳಲ್ಲಿ ಒಂದಾದರೂ ಈ ಸೀಮೆಯ ಸಂತೆಗೆ, ಬದುವಿಗೆ, ಸಾಹುಕಾರನ ಕಟ್ಟೆಗೆ ಹೊರತಾದುದಲ್ಲ. ಸಾಲದ ಮಾತನ್ನೇ ನೋಡೋಣ. ಸಾಲ ತೀರಿಸಲಾರದೆ ದುಡಿಮೆಯನ್ನೇ ಒತ್ತೆಯಿಟ್ಟು ಒಡೆಯನ ಮನೆಯಲ್ಲಿ ಜೀತಕ್ಕಿರುವ ‘ಭಾಗೇಲಾ’ ಪದ್ಧತಿ ಹೈದರಾಬಾದು ಸಂಸ್ಥಾನದಲ್ಲಿ ಬೇರೂರಿತ್ತು. ಅದನ್ನು ಹತೋಟಿಗೆ ತರಲು ಸಂಸ್ಥಾನದಲ್ಲಿ ನಿಬಂಧನೆಯಾಯಿತು. ಇಡೀ ದೇಶದಲ್ಲಿ ಜೀತವನ್ನು ರದ್ದುಮಾಡುವ ಶಾಸನ ಬಂದುದು ೧೯೭೬ರಲ್ಲಿ. ಜಾಮೀನಿನ ಬಗ್ಗೆ ಎಚ್ಚರಿಕೆ ಹೇಳುವ ಜ್ಞಾನೋಕ್ತಿ ಇಂಥವರಿಗೆ ಮನೆಮಾರು ಉಳಿಸಿಕೊಳ್ಳುವ ಬುದ್ಧಿವಾದವೂ ಆಗಿತ್ತು.

ಅಂತೆಯೇ ಜ್ಞಾನೋಕ್ತಿಗಳ ಕೊನೆಯ ಭಾಗದಲ್ಲಿ ಆಗೂರನೆಂಬವನು ದೇವರಲ್ಲಿ ಬಡತನವನ್ನೂ ಬೇಡ, ಐಶ್ವರ್ಯವನ್ನೂ ಬೇಡವೆಂದು ಹೇಳಿ, ಆಯಾ ದಿನಕ್ಕೆ ತಕ್ಕ ಅನ್ನವನ್ನಷ್ಟೇ ಬೇಡಿಕೊಳ್ಳುತ್ತಾನೆ. ಉಂಡು ಹೆಚ್ಚಾದರೆ ದೇವರನ್ನು ಮರೆತೇನು, ಹಸಿದರೆ ಕದ್ದೇನು ಎಂಬುದು ಅವನ ಅಂಜಿಕೆ. ಹಗೇವು ತುಂಬಿದ ವರ್ಷವನ್ನೂ ಬರಿದಾದ ವರ್ಷವನ್ನೂ ಒಂದರ ಹಿಂದೆ ಒಂದಾಗಿ ಕಂಡ ಜನಕ್ಕೆ ಈ ಪ್ರಾರ್ಥನೆಯ ತೂಕ ತಿಳಿಯುವಂತೆ ನಮಗೆ, ತಿಂಗಳ ಸಂಬಳದವರಿಗೆ, ತಿಳಿಯುವುದು ಕಷ್ಟ.

೫. ಭರವಸೆಯೋ, ಸುಮ್ಮನಿರುವಿಕೆಯೋ?

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಲೇಬೇಕು. ದೇವರನ್ನು ನಂಬಿ ತಾಳಿಕೊಂಡಿರು ಎಂಬ ಬೋಧೆ ಬಡವರನ್ನು ಅವರ ಬಡತನದಲ್ಲಿಯೇ ಕಟ್ಟಿಹಾಕುವ ಹಗ್ಗವಲ್ಲವೇ? ಈ ಪ್ರಶ್ನೆ ಎಲ್ಲ ಧರ್ಮಗಳಿಗೂ ಸಲ್ಲತಕ್ಕದ್ದು. ಕನ್ನಡದ ಗಾದೆಗಳೇ ಇದನ್ನು ಬಲ್ಲವು. ‘ಹುಟ್ಟಿಸಿದ ದೇವರು ಹುಲ್ಲು ಮೇಯಿಸುವನೇ’ ಎಂಬುದು ಭರವಸೆಯ ಗಾದೆ. ‘ಕೈ ಕೆಸರಾದರೆ ಬಾಯಿ ಮೊಸರು’ ಎಂಬುದು ದುಡಿಮೆಯನ್ನು ಹೇಳುತ್ತದೆ. ‘ದೇವರು ಕೊಟ್ಟರೂ ಪೂಜಾರಿ ಕೊಡ’ ಎಂಬುದಾದರೋ ನಡುವೆ ನಿಂತವನ ಅನ್ಯಾಯವನ್ನು ಬಯಲಿಗೆಳೆಯುತ್ತದೆ. ಮೂರನ್ನೂ ಒಟ್ಟಿಗೆ ಆಡುವ ಜನರ ನಂಬಿಕೆಯನ್ನು ಕುರುಡೆನ್ನಲಾಗದು.

ಬೈಬಲಿನ ಜ್ಞಾನಸಾಹಿತ್ಯದಲ್ಲಿಯೂ ಈ ಮೂರು ಎಳೆಗಳಿವೆ. ಯೋಬನ ಗ್ರಂಥ ಈ ದೃಷ್ಟಿಯಿಂದ ಮುಖ್ಯವಾದುದು. ಮಕ್ಕಳನ್ನೂ ಸೊತ್ತನ್ನೂ ಆರೋಗ್ಯವನ್ನೂ ಕಳೆದುಕೊಂಡ ಯೋಬನಿಗೆ ಅವನ ಸ್ನೇಹಿತರು, ನಿನ್ನ ಪಾಪದ ಫಲವಿದು ಎಂದು ಉಪದೇಶಿಸುತ್ತಾರೆ. ಯೋಬನು ಒಪ್ಪುವುದಿಲ್ಲ, ದೇವರನ್ನೇ ನ್ಯಾಯಕ್ಕೆ ಕರೆಯುತ್ತಾನೆ. ಗ್ರಂಥದ ಅಂತ್ಯದಲ್ಲಿ ದೇವರು ಆ ಸ್ನೇಹಿತರ ಮೇಲೆ ಕೋಪಗೊಂಡು, ಸರಿಯಾಗಿ ಮಾತನಾಡಿದವನು ಯೋಬನೇ ಎಂದು ತೀರ್ಪು ಕೊಡುತ್ತಾನೆ. ಬರಗಾಲವನ್ನು ಹಸಿದವರ ಪಾಪಕ್ಕೆ ಶಿಕ್ಷೆಯೆಂದು ವಿವರಿಸುವವರು ಎಲ್ಲ ಕಾಲಗಳಲ್ಲಿಯೂ ಇದ್ದಾರೆ. ಯೋಬನ ಗ್ರಂಥ ಅವರ ಪಕ್ಷದಲ್ಲಿ ಇಲ್ಲ. ದೇವರೊಡನೆ ವಾದಿಸುವುದು ಕೂಡ ಭರವಸೆಯ ಒಂದು ರೀತಿ ಎಂಬುದು ಅದರ ಪಾಠ. ಯಾಕೋಬನೂ ರೈತನ ತಾಳ್ಮೆಯನ್ನು ಹೊಗಳುವುದಕ್ಕೆ ಕೆಲವೇ ಸಾಲುಗಳ ಮುನ್ನ, ಹೊಲ ಕೊಯ್ದವರ ಕೂಲಿಯನ್ನು ಹಿಡಿದುಕೊಂಡ ಧನಿಕರನ್ನು ಕಟುವಾಗಿ ಖಂಡಿಸಿದ್ದಾನೆ. ಈ ಎರಡು ಮಾತುಗಳನ್ನು ಬೇರ್ಪಡಿಸಿ ತಾಳ್ಮೆಯನ್ನಷ್ಟೇ ಬೋಧಿಸಿದವರು ಗ್ರಂಥಕ್ಕೆ ಅನ್ಯಾಯ ಮಾಡಿದಂತೆ.

ಸ್ವತಂತ್ರ ಭಾರತದಲ್ಲಿಯೂ ಈ ಭರವಸೆಗೆ ಪರೀಕ್ಷೆ ತಪ್ಪಲಿಲ್ಲ. ೧೯೫೦ರ ರಾಷ್ಟ್ರಪತಿಗಳ ಆಜ್ಞೆಯಂತೆ ಪರಿಶಿಷ್ಟ ಜಾತಿಯ ಸ್ಥಾನಮಾನ ಕ್ರೈಸ್ತರಾದ ದಲಿತರಿಗೆ ದೊರೆಯದೆ ಹೋಯಿತು. ೧೯೫೬ರಲ್ಲಿ ಸಿಖ್ಖರಿಗೂ ೧೯೯೦ರಲ್ಲಿ ಬೌದ್ಧರಿಗೂ ಅದು ವಿಸ್ತರಿಸಿತು, ಕ್ರೈಸ್ತರಿಗೆ ವಿಸ್ತರಿಸಲಿಲ್ಲ. ಊರಿನ ಕಣ್ಣಿಗೆ ಹಳೆಯ ಜಾತಿಯವನಾಗಿಯೇ ಉಳಿದು ಕಾಗದದಲ್ಲಿ ಮಾತ್ರ ಬೇರೆಯಾದವನಿಗೆ, ನಂಬಿಕೆಯನ್ನು ಉಳಿಸಿಕೊಳ್ಳುವುದೆಂದರೆ ಮಗನ ಶಾಲೆಯ ಶುಲ್ಕದ, ಸರಕಾರಿ ಕೆಲಸದ ಲೆಕ್ಕವೂ ಹೌದು. ಹಾಗಿದ್ದೂ ಉಳಿಸಿಕೊಂಡವರ ಭರವಸೆಯನ್ನು ಲಾಭದ ಆಸೆಯೆಂದು ತಳ್ಳಿಹಾಕುವುದು ಚರಿತ್ರಕಾರನಿಗೆ ಒಪ್ಪುವ ಮಾತಲ್ಲ.

೬. ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ವ್ಯಕ್ತವಾಗುತ್ತವೆ. ಈ ಮೂರು ತಾಲ್ಲೂಕುಗಳಲ್ಲಿ ದೈವಭರವಸೆಗೆ ಶರಣ, ಸೂಫಿ, ದತ್ತ, ತತ್ತ್ವಪದ ಪರಂಪರೆಗಳು ಮೊದಲೇ ನುಡಿಯನ್ನು ಒದಗಿಸಿದ್ದುವು. ಬೈಬಲಿನ ಜ್ಞಾನಸಾಹಿತ್ಯ ಆ ನುಡಿಯನ್ನೇ ಬಳಸಿ, ತಕ್ಕಡಿ, ಗಡಿಕಲ್ಲು, ಸಾಲ, ಮಳೆ ಇವುಗಳ ನಡುವೆ ನಂಬಿಕೆಯನ್ನು ನಡತೆಯಾಗಿ ಕಲಿಸಿತು. ಆ ನಂಬಿಕೆಯಲ್ಲಿ ತಾಳ್ಮೆಯೊಡನೆ ಪ್ರಶ್ನೆಯೂ ಪ್ರತಿಭಟನೆಯೂ ಇದ್ದುವು.

ಮಿಷನ್ನಿನ ವರದಿಗಳು ಎಣಿಸಬಲ್ಲುದನ್ನು ಎಣಿಸಿದುವು. ಕಣದಲ್ಲಿ ರಾಶಿ ಅಳೆಯುವಾಗ ಕೊಳಗ ತುಂಬಿ ಅಳೆದ ಕೈ, ಬರದ ವರ್ಷದಲ್ಲಿ ನೆರೆಯವರಿಗೆ ಪಾಲು ಮಾಡಿದ ರೊಟ್ಟಿ, ರಾತ್ರಿ ದೀಪದ ಮುಂದೆ ಕೇಳಿ ಕಲಿತ ಒಂದು ಜ್ಞಾನೋಕ್ತಿ, ಇವು ಆ ಲೆಕ್ಕದಲ್ಲಿ ಬರಲಿಲ್ಲ. ಇವುಗಳನ್ನು ನೆನಪಿಟ್ಟಿರುವ ಹಿರಿಯರು ಆಳಂದ, ಅಫಜಲಪುರ, ಜೇವರ್ಗಿಗಳ ಹಳ್ಳಿಗಳಲ್ಲಿ ಇರುವಾಗಲೇ ನಮ್ಮ ವಿದ್ಯಾರ್ಥಿಗಳು ಅವರ ಮನೆಯಂಗಳಕ್ಕೆ ಹೋಗಿ ಕುಳಿತು ಕೇಳಿ ಬರೆದುಕೊಳ್ಳಬೇಕು. ತತ್ತ್ವಪದಗಳನ್ನು ಸಂಗ್ರಹಿಸಲು ನಾವು ತೋರಿದ ಶ್ರದ್ಧೆಯಲ್ಲಿ ಒಂದು ಪಾಲು ಇತ್ತ ತಿರುಗಿದರೂ ಈ ಸೀಮೆಯ ಚರಿತ್ರೆ ಹೆಚ್ಚು ಪೂರ್ಣವಾದೀತೆಂದು ನಮ್ಮ ನಂಬಿಕೆ.