ಅಸುರನ ಪಾಲು

ಬೀದರ್ ನಗರದಲ್ಲಿ ಒಬ್ಬ ಅಸುರ ನೀರಾಗಿ ಹರಿಯುತ್ತಿದ್ದಾನೆ. ಝರಣಿ ನರಸಿಂಹನ ಗವಿಯ ಸ್ಥಳಪುರಾಣ ಹೇಳುವುದು ಇಷ್ಟು: ಆ ಗವಿಯಲ್ಲಿ ಜಲಾಸುರನೆಂಬ ಶಿವಭಕ್ತನಿದ್ದ, ಝರಾಸುರನೆಂದೂ ಅವನನ್ನು ಕರೆಯುವುದುಂಟು. ಹಿರಣ್ಯಕಶಿಪುವನ್ನು ಸೀಳಿದ ನರಸಿಂಹ ಇವನನ್ನೂ ಕೊಲ್ಲಲು ಬಂದ. ಪ್ರಾಣ ಹೋಗುವ ಹೊತ್ತಿನಲ್ಲಿ ಅಸುರ, ನೀನು ಇಲ್ಲಿಯೇ ನೆಲೆಸಬೇಕು ಎಂದು ಕೊಂದವನನ್ನೇ ಬೇಡಿಕೊಂಡ. ಆಮೇಲೆ ನೀರಾಗಿ ದೇವರ ಪಾದದ ಬುಡದಲ್ಲಿ ಹರಿಯತೊಡಗಿದ. ಜಂಬಿಟ್ಟಿಗೆ ಕಲ್ಲಿನ ಸುರಂಗದಲ್ಲಿ, ಬಾವಲಿಗಳ ಕೆಳಗೆ, ಎದೆಮಟ್ಟದ ನೀರಿನಲ್ಲಿ ನಡೆದು ದರ್ಶನಕ್ಕೆ ಹೋಗುವವರು ಕಥೆಯ ಲೆಕ್ಕದಲ್ಲಿ ಅಸುರನ ಮೈಯೊಳಗಿಂದಲೇ ಹಾದುಹೋಗುತ್ತಾರೆ. ಒಳಗೆ ನರಸಿಂಹನ ಜೊತೆಗೆ ಅಸುರ ಪೂಜಿಸುತ್ತಿದ್ದ ಲಿಂಗವೂ ಇದೆ. ಸತ್ತವನ ದೇವರನ್ನು ಯಾರೂ ಹೊರಗೆ ಹಾಕಲಿಲ್ಲ. ನಿಘಂಟು ತೆಗೆದರೆ ಅಸುರನೆಂದರೆ ರಾಕ್ಷಸ, ದೈತ್ಯ, ದಾನವ. ಆ ಅರ್ಥವನ್ನೇ ಹಿಡಿದು ಹೊರಟರೆ ಈ ಗವಿಯ ಕಥೆಯಲ್ಲಿ ಅರ್ಧ ದಾರಿಯೂ ಸಾಗುವುದಿಲ್ಲ. ಕೆಟ್ಟವನೆಂದ ಮೇಲೆ ಅವನ ಕೊನೆಯ ಆಸೆಯನ್ನು ದೇವರು ಯಾಕೆ ನಡೆಸಬೇಕು? ಅವನ ಹೆಸರು ಊರಿನ ಬಾಯಲ್ಲಿ ಯಾಕೆ ಉಳಿಯಬೇಕು? ನನಗೆ ಕಾಣುವಂತೆ ಅಸುರ ಎಂಬುದು ನಮ್ಮ ಬಳಕೆಯಲ್ಲಿ ಒಂದು ಕುಲದ ಗುಣವನ್ನು ಹೇಳುವ ಮಾತಲ್ಲ. ಯಾರು ಯಾವ ಕಡೆ ನಿಂತಿದ್ದಾರೆ ಎಂಬುದನ್ನು ಹೇಳುವ ಮಾತು. ಇದನ್ನು ಸರಿಯಾಗಿ ನೋಡಲು ಈಚಿನ ಒಂದು ಆಟದ ಜಗಳ ಬಹಳ ಉಪಯೋಗಕ್ಕೆ ಬರುತ್ತದೆ.

ಆಟದ ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. 1974ರಲ್ಲಿ ಅಮೆರಿಕದಲ್ಲಿ ಹುಟ್ಟಿತು. ಮೇಜಿನ ಸುತ್ತ ಕೂತು, ದಾಳ ಉರುಳಿಸಿ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕಥೆ ಕಟ್ಟುವ ಆಟ. ಅದರ ಜನಕರಲ್ಲಿ ಒಬ್ಬನಾದ ಗ್ಯಾರಿ ಗೈಗ್ಯಾಕ್ಸ್ ನೆಲದಡಿಯಲ್ಲಿ ಬಾಳುವ, ಯಕ್ಷರಂಥ ಜನವಾದ, ಕಪ್ಪು ಮೈಯ ಎಲ್ಫ್‌ಗಳನ್ನು ತಂದ. ಅವರಿಗಿಟ್ಟ ಹೆಸರು ಡ್ರೌ. 1977ರ ಪುಸ್ತಕದಲ್ಲಿ ಅವರದು ಒಂದು ಸಣ್ಣ ಪ್ರಸ್ತಾಪವಷ್ಟೇ, ಮರುವರ್ಷದ ಸಾಹಸಕಥೆಗಳಲ್ಲಿ ಪೂರ್ಣ ಪ್ರವೇಶ. ಹೆಸರು ಬಂದದ್ದು ಸ್ಕಾಟ್‌ಲೆಂಡಿನ ಜನಪದದಿಂದ. ಕಲ್ಪನೆಯ ಬೇರು ಇನ್ನೂ ಹಿಂದಿನದು: ಹದಿಮೂರನೆಯ ಶತಮಾನದ ಐಸ್‌ಲೆಂಡಿನಲ್ಲಿ ಸ್ನೋರಿ ಸ್ಟುರ್ಲುಸನ್ ಬೆಳಕಿನ ಎಲ್ಫ್, ಕತ್ತಲಿನ ಎಲ್ಫ್ ಎಂದು ಬೇರೆಬೇರೆ ಬರೆದಿಟ್ಟಿದ್ದ. ಆಟದಲ್ಲಿ ಡ್ರೌಗಳು ಲೋಲ್ತ್ ಎಂಬ ಜೇಡದೇವಿಯ ಭಕ್ತರು, ಕ್ರೂರಿಗಳು, ಗುಲಾಮರನ್ನು ಇಟ್ಟುಕೊಳ್ಳುವವರು. ಪ್ರತಿ ಜೀವಿಯ ನೀತಿಯನ್ನೂ ಪುಸ್ತಕವೇ ಒಂದೆರಡು ಪದದಲ್ಲಿ ಗೊತ್ತುಮಾಡುತ್ತಿತ್ತು. ಡ್ರೌಗಳಿಗೆ ಸಿಕ್ಕ ಪದ ದುಷ್ಟ. 1988ರಲ್ಲಿ ಆರ್. ಎ. ಸಾಲ್ವಟೋರ್ ತನ್ನ ಕಾದಂಬರಿಯಲ್ಲಿ ಡ್ರಿಸ್ಟ್ ಎಂಬ ಒಳ್ಳೆಯ ಡ್ರೌನನ್ನು ಸೃಷ್ಟಿಸಿದ. ತನ್ನವರನ್ನು ತೊರೆದು ಮೇಲಿನ ಬೆಳಕಿಗೆ ಬಂದವನು. ಓದುಗರು ಅವನನ್ನು ಅಪ್ಪಿಕೊಂಡರು. ಆದರೆ ಒಬ್ಬ ಡ್ರಿಸ್ಟ್ ಒಳ್ಳೆಯವನಾದಷ್ಟೂ ಉಳಿದ ಡ್ರೌಗಳ ಕೆಡುಕು ಇನ್ನಷ್ಟು ಗಟ್ಟಿಯಾಯಿತು. ಕುಲಕ್ಕೊಬ್ಬ ಸಜ್ಜನನನ್ನು ಹುಡುಕಿ ಹೊಗಳುವುದು ಕುಲವನ್ನು ತೆಗಳುವ ಹಳೆಯ ಉಪಾಯ, ಅದಕ್ಕೆ ಎಲ್ಫ್‌ಗಳೇ ಬೇಕಾಗಿಲ್ಲ. ಕಪ್ಪು ಮೈಯನ್ನು ಹುಟ್ಟುಕೆಡುಕಿನ ಗುರುತು ಮಾಡಿದ್ದು ಯಾಕೆ ಎಂಬ ಪ್ರಶ್ನೆ ಬೆಳೆಯುತ್ತಾ ಹೋಗಿ, 2020ರ ಜೂನ್‌ನಲ್ಲಿ ಆಟದ ಪ್ರಕಾಶಕರು ಓರ್ಕ್ ಎಂಬ ಇನ್ನೊಂದು ದುಷ್ಟ ಕುಲವನ್ನೂ ಡ್ರೌಗಳನ್ನೂ ಉಳಿದ ಜನಗಳಷ್ಟೇ ಸಂಕೀರ್ಣವಾಗಿ ಚಿತ್ರಿಸುತ್ತೇವೆ ಎಂದು ಪ್ರಕಟಿಸಿದರು. ಆ ಹೊತ್ತಿಗಾಗಲೇ ಕಂಪ್ಯೂಟರ್ ಆಟಗಳು ಒಂದು ಹೆಜ್ಜೆ ಮುಂದಿದ್ದವು. 2002ರ ಮೊರೊವಿಂಡ್‌ನಲ್ಲಿ ಕಪ್ಪು ಎಲ್ಫ್‌ಗಳೇ ನಾಡಿನ ಒಡೆಯರು, ಆಟಗಾರನೇ ಹೊರಗಿನವನು.

ಇದೇ ಆಟದಲ್ಲಿ ನಮ್ಮ ರಾಕ್ಷಸನೂ ಇದ್ದಾನೆ, ಅದೂ ಡ್ರೌಗಿಂತ ಮೊದಲಿನಿಂದ. ಹುಲಿಯ ತಲೆ, ಒಳಮುಖ ಹೊರಮುಖವಾದ ಅಂಗೈ, ರೇಷ್ಮೆಯ ನಿಲುವಂಗಿ, ಕೈಯಲ್ಲಿ ಹೊಗೆ ಸೇದುವ ಕೊಳವೆ. ರಾಮಾಯಣವನ್ನು ಓದಿ ಮಾಡಿದ್ದಲ್ಲ ಇದು. 1974ರ ಒಂದು ಅಮೆರಿಕನ್ ಟಿ.ವಿ. ಭಯಾನಕ ಧಾರಾವಾಹಿಯ ಕಂತಿನಿಂದ ಎತ್ತಿಕೊಂಡದ್ದು. ಮಂತ್ರಿಸಿದ ಬಾಣ ತಗುಲಿದರೆ ಅವನು ಸಾಯುತ್ತಾನೆಂಬ ನಿಯಮವೂ ಅಲ್ಲಿಂದಲೇ ಬಂತು. ಡ್ರೌಗೆ ಬಿಡುಗಡೆ ಸಿಕ್ಕ ಮೇಲೂ ರಾಕ್ಷಸ ಮಾತ್ರ ನರಕದ ಪಿಶಾಚಿಗಳ ಸಾಲಿನಲ್ಲೇ ಉಳಿದ. ತಮ್ಮ ಮನೆಯ ಕತ್ತಲಿನ ಎಲ್ಫ್‌ನ ಪರವಾಗಿ ವಾದಿಸಿದವರಿಗೆ ಪರನಾಡಿನ ಪದದ ಒಳಗೂ ಒಂದು ವಾದ ಇದ್ದೀತು ಎಂದು ಹೊಳೆಯಲಿಲ್ಲ.

ಆ ವಾದ ಪದದ ಹುಟ್ಟಿನಲ್ಲೇ ಇದೆ. ಋಗ್ವೇದದಲ್ಲಿ ಅಸುರ ಎಂಬುದು ಗೌರವದ ಮಾತು. ವರುಣನನ್ನು, ಅಗ್ನಿಯನ್ನು, ಇಂದ್ರನನ್ನೇ ಅಸುರ ಎಂದು ಕರೆದದ್ದುಂಟು, ಒಡೆಯ ಎಂಬ ಅರ್ಥದಲ್ಲಿ. ಸುರ ಎಂಬ ಪದ ಬಂದದ್ದು ಆಮೇಲೆ. ಅಸುರದ ಮೊದಲ ಅಕ್ಷರವನ್ನು 'ಅಲ್ಲದ' ಎಂದು ತಪ್ಪಾಗಿ ಬಿಡಿಸಿಕೊಂಡು, ಹಾಗಾದರೆ ಸುರ ಎಂದರೆ ದೇವತೆ ಎಂದು ಕಟ್ಟಿಕೊಂಡ ಪದ ಅದು. ಅಂದರೆ ದೇವತೆಗಳಿಗೆ ಆ ಹೆಸರು ಬಂದದ್ದೇ ಅಸುರರಿಂದ. ಗಡಿಯಾಚೆ ಇರಾನಿನಲ್ಲಿ ಇದೇ ಪದ ಅಹುರ ಎಂದಾಗಿ ಪರಮದೇವರ ಹೆಸರಾಯಿತು, ದೇವ ಎಂಬುದು ಅಲ್ಲಿ ಕೆಡುಕಿನ ಪಾಳೆಯಕ್ಕೆ ಹೋಯಿತು. ಈ ತಿರುವುಮುರುವು ಪಂಡಿತರ ಪುಸ್ತಕದಲ್ಲಿ ಮಾತ್ರ ಇದೆ ಎಂದುಕೊಳ್ಳಬೇಕಾಗಿಲ್ಲ, ಬೀದರಿನಲ್ಲಿ ಅದು ಬೀದಿಯ ಮಾತು. ಕನ್ನಡ, ಮರಾಠಿ ಮನೆಯಲ್ಲಿ ದೇವ ಎಂದರೆ ಕೈಮುಗಿಯುವವನು. ಪಕ್ಕದ ಉರ್ದು ಮನೆಯಲ್ಲಿ, ಅಮೀರ್ ಹಮ್ಜಾನ ದಾಸ್ತಾನಿನಂಥ ಕಥೆಗಳಲ್ಲಿ, ದೇವ್ ಎಂದರೆ ಕೊಂಬಿನ ದೈತ್ಯ. ಗಿಲಾನಿನಿಂದ ಬಂದು ಬಹಮನಿಗಳ ವಜೀರನಾದ ಮಹಮೂದ್ ಗಾವಾನ್ 1472ರಲ್ಲಿ ಕಟ್ಟಿಸಿದ ಮದರಸಾ ಇರುವ ಊರು ಇದು. ಪಾರಸಿ ಓದುವವರಿಗೆ ಫಿರ್ದೌಸಿಯ ಶಾಹನಾಮಾ ಗೊತ್ತು. ಅಲ್ಲಿ ರುಸ್ತುಮ ಕೊಲ್ಲುವ ದೊಡ್ಡ ದೈತ್ಯನ ಹೆಸರು ಬಿಳಿಯ ದೇವ್. ಬಣ್ಣದಿಂದ ಕೆಡುಕನ್ನು ಗುರುತಿಸುವವರು ಈ ಬಿಳಿಯನನ್ನು ಎಲ್ಲಿ ಕೂರಿಸುತ್ತಾರೋ ನೋಡಬೇಕು. ಅದೇ ಕಾವ್ಯದಲ್ಲಿ ಸೋತ ದೇವ್‌ಗಳು ಜೀವ ಉಳಿಸಿಕೊಳ್ಳಲು ತಹಮೂರಸ್ ರಾಜನಿಗೆ ಅಕ್ಷರ ಕಲಿಸಿಕೊಡುತ್ತಾರೆ. ಒಂದೇ ಪೇಟೆಯ ಎರಡು ನಾಲಗೆಯಲ್ಲಿ ಒಂದೇ ಪದ ದೇವರೂ ದೈತ್ಯನೂ ಆಗಬಹುದಾದರೆ, ಆ ಪದ ಹೆಸರಿಸುವುದು ಹುಟ್ಟುಗುಣವನ್ನಲ್ಲ.

ರಾಕ್ಷಸ ಪದದ ಕಥೆಯೂ ಅಷ್ಟೇ ವಿಚಿತ್ರ. ರಾಮಾಯಣದ ಉತ್ತರಕಾಂಡದಲ್ಲಿ ಬ್ರಹ್ಮ ನೀರನ್ನು ಕಾಯಲು ಜೀವಿಗಳನ್ನು ಸೃಷ್ಟಿಸುತ್ತಾನೆ. ರಕ್ಷಿಸುತ್ತೇವೆ ಎಂದು ಒಪ್ಪಿಕೊಂಡವರೇ ರಾಕ್ಷಸರು. ಕನ್ನಡಕ್ಕೆ ಬಂದು ಅದು ರಕ್ಕಸವಾಯಿತು, ಬಿರುದೂ ಆಯಿತು. ಛಂದೋಂಬುಧಿ ಬರೆದ ಒಂದನೆಯ ನಾಗವರ್ಮನ ಆಶ್ರಯದಾತ ಗಂಗರ ರಕ್ಕಸಗಂಗ. ರಾಜನೊಬ್ಬ ಆ ಹೆಸರನ್ನು ಹೆಮ್ಮೆಯಿಂದ ಹೊತ್ತುಕೊಂಡಿದ್ದನೆಂದರೆ ಅದು ಬೈಗುಳವಾಗಿರಲಾರದು. ನಾಗಚಂದ್ರನ ರಾಮಚಂದ್ರಚರಿತ ಪುರಾಣದಲ್ಲಿ ಜೈನ ಸಂಪ್ರದಾಯದಂತೆ ರಾಕ್ಷಸರು ವಿದ್ಯಾಧರರ ಒಂದು ವಂಶ, ನರಮಾಂಸ ತಿನ್ನುವವರಲ್ಲ. ಅಲ್ಲಿನ ರಾವಣ ಸೀತೆಯ ದೃಢತೆಯನ್ನು ಕಂಡು ಪಶ್ಚಾತ್ತಾಪಪಡುತ್ತಾನೆ, ಆದರೂ ಯುದ್ಧದಿಂದ ಹಿಂದೆ ಸರಿಯಲಾರದೆ ಸಾಯುತ್ತಾನೆ. ಆಟದ ಪ್ರಕಾಶಕರು 2020ರಲ್ಲಿ ತಲುಪಿದ ಜಾಗಕ್ಕೆ ಕನ್ನಡ ಕಾವ್ಯ ಒಂಬತ್ತು ಶತಮಾನದ ಹಿಂದೆಯೇ ಬಂದಿತ್ತು ಎಂದು ಬೀಗುವ ಆಸೆ ಆಗುತ್ತದೆ. ಇಂದಿನ ಪತ್ರಿಕೆಗಳಲ್ಲಿ ದೊಡ್ಡ ಕಂಪನಿಗಳೆಲ್ಲ ಐ.ಟಿ. ದೈತ್ಯ, ತೈಲ ದೈತ್ಯ ಆಗಿರುವುದೂ ಈ ವಂಶಾವಳಿಗೆ ಸೇರಿದ್ದೇ. ಅದನ್ನು ಬೈಗುಳವೆಂದು ಯಾವ ಕಂಪನಿಯೂ ತೆಗೆದುಕೊಂಡಂತಿಲ್ಲ.

ಆದರೆ ನನ್ನ ವಾದಕ್ಕೆ ಕಾವ್ಯಕ್ಕಿಂತ ಗಟ್ಟಿಯಾದ ಸಾಕ್ಷಿ ಭಾಲ್ಕಿ ತಾಲ್ಲೂಕಿನ ಖಾನಾಪುರದ ಮೈಲಾರ ಮಲ್ಲಣ್ಣ. ಮರಾಠಿಯವರಿಗೆ ಖಂಡೋಬಾ. ಭಂಡಾರದ ಅರಿಸಿನದಲ್ಲಿ ಮುಳುಗುವ ಈ ದೇವರ ಕಥೆಯಲ್ಲಿ ಮಣಿ, ಮಲ್ಲ ಎಂಬ ಇಬ್ಬರು ಅಸುರ ಸಹೋದರರಿದ್ದಾರೆ. ಮಲ್ಹಾರಿ ಮಹಾತ್ಮ್ಯದ ಪ್ರಕಾರ ಮಣಿ ಸಾಯುವಾಗ ಪಶ್ಚಾತ್ತಾಪಪಟ್ಟು ತನ್ನ ಬಿಳಿಯ ಕುದುರೆಯನ್ನು ದೇವರಿಗೆ ಒಪ್ಪಿಸುತ್ತಾನೆ, ನಿನ್ನ ಗುಡಿಗಳಲ್ಲೆಲ್ಲ ನನಗೂ ಜಾಗ ಇರಲಿ, ಲೋಕಕ್ಕೆ ಒಳ್ಳೆಯದಾಗಲಿ ಎಂದು ಕೇಳುತ್ತಾನೆ. ಮಲ್ಲನಿಗೂ ವರ ಕೇಳುವ ಅವಕಾಶ ಸಿಗುತ್ತದೆ. ಅವನು ಕೇಳುವುದು ಲೋಕದ ನಾಶವನ್ನು. ಅವನ ತಲೆ ಹೋಗಿ ಭಕ್ತರು ತುಳಿಯುವ ಮೆಟ್ಟಿಲಾಗುತ್ತದೆ. ಒಂದೇ ಕುಲ, ಒಂದೇ ಯುದ್ಧ, ಒಂದೇ ಸೋಲು. ಇಬ್ಬರ ಗತಿ ಬೇರೆಯಾದದ್ದು ಅವರವರು ಬಾಯಿಬಿಟ್ಟು ಕೇಳಿದ್ದರಿಂದ. ಹುಟ್ಟು ನೀತಿಯನ್ನು ಗೊತ್ತುಮಾಡುವುದಿಲ್ಲ ಎಂದು ಹೇಳಲು ಇದಕ್ಕಿಂತ ಅಚ್ಚುಕಟ್ಟಾದ ಕಥೆ ಕಟ್ಟುವುದು ಕಷ್ಟ. ದೇವರಿಗೆ ಮಲ್ಲಾರಿ ಎಂಬ ಹೆಸರು ಬಂದದ್ದು ಮಲ್ಲನ ವೈರಿ ಎಂಬ ಅರ್ಥದಲ್ಲಿ. ಮಲ್ಲಣ್ಣ ಎಂಬುದು ಮಲ್ಲಿಕಾರ್ಜುನನಿಂದ ಬಂದದ್ದು, ಅಸುರನಿಗೂ ಅದಕ್ಕೂ ಸಂಬಂಧವಿಲ್ಲ ಎನ್ನುವವರಿದ್ದಾರೆ. ಇರಬಹುದು. ಮಲ್ಲಾರಿಗೆ ಆ ವಿವರಣೆ ಹೊಂದುವುದಿಲ್ಲ. ಕೊಂದವನ ಹೆಸರಿನಲ್ಲಿ ಸತ್ತವನು ಕೂತೇ ಇದ್ದಾನೆ.

ನನ್ನ ಈ ವಾದಕ್ಕೆ ಎತ್ತಬಹುದಾದ ಆಕ್ಷೇಪಗಳಲ್ಲಿ ಒಂದು ಬಹಳ ಗಟ್ಟಿ. ಜಲಾಸುರ ಹರಿಯುವುದು ಪಾದದ ಬುಡದಲ್ಲಿ, ಮಲ್ಲ ಇರುವುದು ಕಾಲಡಿಯ ಮೆಟ್ಟಿಲಲ್ಲಿ, ಅಸುರರ ರಾಜ ಬಲಿಯನ್ನು ಪಾತಾಳಕ್ಕೆ ಒತ್ತಿದ್ದೂ ಪಾದವೇ. ಅಸುರನಿಗೆ ಸಿಕ್ಕ ಪಾಲೆಲ್ಲ ಕಾಲಿನ ಕೆಳಗಿನದು. ಗೆದ್ದವರು ಬರೆದ ಕಥೆಯಲ್ಲಿ ಸೋತವನಿಂದಲೇ ಕೃತಜ್ಞತೆ ಹೇಳಿಸುವುದನ್ನು ಸಂಕೀರ್ಣತೆ ಎನ್ನುವುದು ಹೇಗೆ? ಒಪ್ಪಲೇಬೇಕಾದ ಮಾತು ಇದು. ಅಸುರ ಎಂಬುದು ಬರೀ ಕಥೆಯ ಪದವೂ ಅಲ್ಲ. ಜಾರ್ಖಂಡ್‌ನಲ್ಲಿ ಹಿಂದೆ ಕಬ್ಬಿಣ ಕರಗಿಸುವ ಕಸುಬಿನವರಾಗಿದ್ದ ಅಸುರ್ ಬುಡಕಟ್ಟು ಇದೆ, ಮಹಿಷಾಸುರ ಅವರಿಗೆ ಪೂರ್ವಜ. ನಮ್ಮ ಮೈಸೂರಿನ ಹೆಸರಿನಲ್ಲೂ ಅವನೇ ಇದ್ದಾನೆ, ಅವನ ಹಬ್ಬ ಮಾಡಬೇಕೋ ಬೇಡವೋ ಎಂಬ ಜಗಳ ಅಲ್ಲಿ ಇನ್ನೂ ಮುಗಿದಿಲ್ಲ. ಆದರೂ ಕಾಲಡಿಯ ಪಾಲಿಗೆ ಒಂದು ಬೆಲೆ ಇದೆ: ಹೆಸರು ಉಳಿಯುತ್ತದೆ. ಹೆಸರು ಉಳಿದರೆ ಮುಂದೊಂದು ದಿನ ಯಾರಾದರೂ ಕಥೆಯನ್ನು ತಿರುಗಿಸಿ ಓದಬಹುದು. ಜೋತಿಬಾ ಫುಲೆ 1873ರ ಗುಲಾಮಗಿರಿಯಲ್ಲಿ ಮಾಡಿದ್ದು ಇದನ್ನೇ. ಬಲಿ ಅವರಿಗೆ ರೈತರ ನ್ಯಾಯವಂತ ರಾಜ, ಖಂಡೋಬಾ ಆ ಬಲಿಯ ರಾಜ್ಯದ ಖಂಡವೊಂದರ ಅಧಿಕಾರಿ. ಅಸುರರನ್ನು ಕೊಂದ ದೇವರು ಅಸುರನ ಆಡಳಿತಗಾರನಾಗಿಬಿಟ್ಟ! ಫುಲೆಯವರ ವ್ಯುತ್ಪತ್ತಿಗಳನ್ನು ಭಾಷಾಶಾಸ್ತ್ರ ಒಪ್ಪುವುದಿಲ್ಲ, ಅದು ಬೇರೆ ಮಾತು. ಅವರಿಗೆ ತಿರುಗಿಸಿ ಓದಲು ಹೆಸರುಗಳು ಸಿಕ್ಕವು ಎಂಬುದು ಇಲ್ಲಿ ಮುಖ್ಯ. ಮಹಾರಾಷ್ಟ್ರಕ್ಕೆ ಅಂಟಿಕೊಂಡ ಔರಾದ್ ತಾಲ್ಲೂಕನ್ನೇ ನೋಡಿ. ಊರ ದೇವರು ಅಮರೇಶ್ವರ, ಅಮರರ ಅಂದರೆ ದೇವತೆಗಳ ಒಡೆಯ. ದೀಪಾವಳಿಯಲ್ಲಿ ಪೀಡೆ ಕಳೆದು ಬಲಿಯ ರಾಜ್ಯ ಬರಲಿ ಎಂದು ಹಾರೈಸುವುದು ಮರಾಠಿ ಮನೆಗಳ ವಾಡಿಕೆ, ಔರಾದ್ ಸೀಮೆಯಲ್ಲಿ ಮರಾಠಿ ಮನೆಗಳಿಗೆ ಕೊರತೆಯಿಲ್ಲ. ಅಮರರ ಒಡೆಯನೂ ಅಸುರರ ರಾಜನೂ ಒಂದೇ ಸೀಮೆಯ ಭಕ್ತಿಯಲ್ಲಿ ಜಗಳವಿಲ್ಲದೆ ಇರುತ್ತಾರೆ.

ಗೀತೆಯ ಹದಿನಾರನೆಯ ಅಧ್ಯಾಯವನ್ನು ಮುಂದಿಟ್ಟು, ಅಲ್ಲಿ ದೈವೀ ಮತ್ತು ಆಸುರೀ ಸಂಪತ್ತಿಗೆ ಹುಟ್ಟಿದವರು ಎಂದೇ ಹೇಳಿದೆಯಲ್ಲ, ಎನ್ನಬಹುದು. ಹೇಳಿದೆ. ಆದರೆ ಅಲ್ಲಿ ಎಣಿಸಿರುವುದು ದಂಭ, ದರ್ಪ, ಕ್ರೋಧಗಳನ್ನು, ಮಾತು ಪೂರ್ತಿ ಮನುಷ್ಯರ ಸ್ವಭಾವದ ಮೇಲೆ. ಕೊಂಬು ಕೋರೆಯ ಬೇರೊಂದು ಪ್ರಾಣಿವರ್ಗದ ಮಾತಲ್ಲ. ಇನ್ನು ಆಟಗಾರರ ಆಕ್ಷೇಪ: ಆಟಕ್ಕೆ ಶತ್ರು ಬೇಕು, ಹೊಡೆಯುವ ಮುನ್ನ ಪ್ರತಿಯೊಬ್ಬನ ಮನಸ್ಸಿನ ವಿಚಾರಣೆ ಮಾಡುತ್ತಾ ಕೂತರೆ ಆಟ ಆಡುವುದು ಯಾವಾಗ? ನ್ಯಾಯವೇ. ಆದರೆ ಶತ್ರು ಬೇಕು ಎನ್ನುವುದಕ್ಕೂ ಹುಟ್ಟುಶತ್ರು ಬೇಕು ಎನ್ನುವುದಕ್ಕೂ ಬಹಳ ದೂರ. ಮೈಲಾರನ ಕಥೆಯಲ್ಲಿ ಯುದ್ಧಕ್ಕೇನೂ ಬರವಿಲ್ಲ, ಮಣಿಯೂ ಕೊನೆಯ ಗಳಿಗೆಯವರೆಗೆ ಕಾದಾಡಿಯೇ ಬೀಳುತ್ತಾನೆ. ಕಥೆ ರುಚಿಗೆಟ್ಟಿದ್ದರೆ ಇಷ್ಟು ಶತಮಾನ ಜಾತ್ರೆ ನಡೆಯುತ್ತಿರಲಿಲ್ಲ.

ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ 2014ರ ಪುಸ್ತಕದಲ್ಲಿ ರಾಕ್ಷಸನ ಸಾವಿಗೆ ಒಂದು ನಿಯಮವಿದೆ. ಭೂಮಿಯ ಮೇಲೆ ಕೊಂದರೆ ಅವನ ಸತ್ವ ನರಕಕ್ಕೆ ಮರಳುತ್ತದೆ. ತಿಂಗಳೋ ವರ್ಷವೋ ಕಳೆದ ಮೇಲೆ ಹೊಸ ಮೈ ತಳೆದು, ಕೊಂದವನನ್ನು ನೆನಪಿಟ್ಟುಕೊಂಡು, ಸೇಡಿಗೆ ಬರುತ್ತಾನೆ. ಕಥೆ ಹೇಳುವವನಿಗೆ ಇದು ಅನುಕೂಲದ ನಿಯಮ, ಅದೇ ಖಳನನ್ನು ಮತ್ತೆ ಕರೆತರಬಹುದು. ಭಾಲ್ಕಿಯ ಕಡೆಯ ಹುಡುಗರು ಈ ಆಟಕ್ಕೆ ಕೂತರೆ ಅಲ್ಲಿ ಒಂದೇ ಒಂದು ಸಾಲು ತಿದ್ದಿದರೆ ಸಾಕು: ಬಿದ್ದ ರಾಕ್ಷಸ ಮೊದಲು ಒಂದು ವರ ಕೇಳಲಿ, ಆಮೇಲೆ ದಾಳ ಉರುಳಲಿ. ಅವನು ಮಣಿಯಂತೆ ಗುಡಿಯಲ್ಲೊಂದು ಮೂಲೆ ಕೇಳಿದರೆ ಕೊಡುವುದು ಸುಲಭ. ಮಲ್ಲನಂತೆ ಲೋಕದ ನಾಶವನ್ನೇ ಕೇಳಿದರೆ ಏನು ಮಾಡಬೇಕೆಂದು ಆಟಗಾರರು ತಮ್ಮತಮ್ಮಲ್ಲೇ ಜಗಳಾಡಿ ತೀರ್ಮಾನಿಸಿಕೊಳ್ಳಲಿ.