ಸೋತವರ ಸರಣಿ, ಭಾಗ 3: ಆರ್‌ಸಿಬಿಯ ಮೊದಲ ವರ್ಷ

2025ರ ಜೂನ್ 3ರ ರಾತ್ರಿ ಕಪ್ ಬಂದಾಗ ಚಡಚಣದಾಗ ಸ್ಟೇಟಸ್ ಹಾಕದವರು ಯಾರೂ ಉಳಿದಿರಲಿಲ್ಲ ಅನಸ್ತದ. (ಸೊಲ್ಲಾಪುರ ಕಡೆ ಬೀಗರಿರೋ ಮುಂಬೈ ಫ್ಯಾನ್‌ಗಳನ್ನ ಬಿಟ್ಟು. ಅವರ ಕಥಿ ಬ್ಯಾರೆ.) ಆದರೆ ಆರ್‌ಸಿಬಿ ಮೊದಲ ಸಲ ಸೋತು ಸುಣ್ಣಾದ ವರ್ಷ ಯಾವುದು ಅಂತ ಕೇಳಿದ್ರೆ ಎಲ್ಲರೂ 2017 ಅಂತಾರ. ಅಲ್ಲ ದೋಸ್ತ್ರ. ಅದು 2008, ಐಪಿಎಲ್‌ನ ಮೊದಲನೇ ವರ್ಷ. ನಾವು ಆಗ ಅಂಗನವಾಡಿ ಮೆಟ್ಟಿಲನ್ನೂ ಹತ್ತಿರಲಿಲ್ಲ.

ಮೊದಲು ರೊಕ್ಕದ ಮಾತು. ನಾವು ಬಿಕಾಂನವರು, ಅದನ್ನ ಬಿಟ್ಟು ಮುಂದ ಹೋಗಾಕ ಆಗಲ್ಲ. 2008ರ ಜನವರಿಯಲ್ಲಿ ವಿಜಯ್ ಮಲ್ಯ ಬೆಂಗಳೂರು ತಂಡವನ್ನು 11.16 ಕೋಟಿ ಡಾಲರ್‌ಗೆ ಕೊಂಡರು. ಆಗಿನ ಲೆಕ್ಕದಲ್ಲಿ ಸುಮಾರು 440 ಕೋಟಿ ರೂಪಾಯಿ, ಹತ್ತು ವರ್ಷಗಳ ಕಂತಿನಲ್ಲಿ ಕಟ್ಟಬೇಕಾದದ್ದು. ಮುಂಬೈ ಒಂದನ್ನ ಬಿಟ್ಟರೆ ಇದೇ ದುಬಾರಿ ತಂಡ. ಹೆಸರು ಬಂದದ್ದು ಅವರ ವಿಸ್ಕಿ ಬ್ರ್ಯಾಂಡಿನಿಂದ. ಹಂಗಾಗಿ ಟೀಮ್ ಅಂದ್ರೆ ಒಂದು ಲೆಕ್ಕದಾಗ ಜಾಹೀರಾತು. ಸೋತರೆ ಜಾಹೀರಾತೇ ಸೋತಂಗ. ಮುಂದಿನ ಸಿಟ್ಟು ಅರ್ಥ ಆಗಬೇಕಂದ್ರ ಇದನ್ನ ತಲ್ಯಾಗ ಇಟ್ಕೋರಿ.

ರಾಹುಲ್ ದ್ರಾವಿಡ್ ‘ಐಕಾನ್’ ಆಟಗಾರ. ನಿಯಮ ಏನಂದ್ರೆ ಹರಾಜಿನಲ್ಲಿ ತಂಡದ ಅತಿ ದುಬಾರಿ ಆಟಗಾರನಿಗಿಂತ ಐಕಾನ್‌ಗೆ ಶೇ 15 ಹೆಚ್ಚು. ಜಾಕ್ ಕಾಲಿಸ್ 9 ಲಕ್ಷ ಡಾಲರ್, ಆದ್ದರಿಂದ ದ್ರಾವಿಡ್ 10.35 ಲಕ್ಷ. ಜೊತೆಗೆ ಕುಂಬ್ಳೆ, ಬೌಚರ್, ಜಹೀರ್, ವಸೀಂ ಜಾಫರ್. ಪಟ್ಟಿ ನೋಡಿದ ಜನ ‘ಟೆಸ್ಟ್ ಟೀಮ್’ ಅಂತ ನಕ್ಕರು. ನಗೋದರಲ್ಲಿ ಅರ್ಧ ನ್ಯಾಯ ಇತ್ತು ಅಂತ ಒಪ್ಪಬೇಕು: ದ್ರಾವಿಡ್ ಆವರೆಗೆ ಭಾರತದ ಪರ ಒಂದೂ ಟಿ20 ಪಂದ್ಯ ಆಡಿರಲಿಲ್ಲ.

ಏಪ್ರಿಲ್ 18, ಚಿನ್ನಸ್ವಾಮಿ. ಐಪಿಎಲ್‌ನ ಮೊಟ್ಟಮೊದಲ ಪಂದ್ಯ. ಕೋಲ್ಕತ್ತಾದ ಮೆಕಲಮ್ 73 ಎಸೆತಕ್ಕೆ ಔಟಾಗದೆ 158, ಅದರಾಗ 13 ಸಿಕ್ಸರ್. ಗುರಿ 223. ನಮ್ಮವರು 15.1 ಓವರಿಗೆ 82ಕ್ಕೆ ಆಲೌಟ್. ಎರಡಂಕಿ ಮುಟ್ಟಿದವರು ಒಬ್ಬರೇ, ಬೌಲರ್ ಪ್ರವೀಣ್ ಕುಮಾರ್, 18. ಇತರೆ ರನ್ 19. ಅಂದ್ರ ಆವತ್ತಿನ ನಮ್ಮ ಟಾಪ್ ಸ್ಕೋರರ್ ‘ಇತರೆ’! 19 ವರ್ಷದ ಒಬ್ಬ ಹುಡುಗ ಮೂರನೇ ನಂಬರಿಗೆ ಬಂದು 1 ರನ್ ಹೊಡೆದು ಹೋದ. ಹೆಸರು ವಿರಾಟ್ ಕೊಹ್ಲಿ.

ಎರಡು ದಿನ ಬಿಟ್ಟು ಮುಂಬೈಯಲ್ಲೇ ಮುಂಬೈಯನ್ನು ಸೋಲಿಸಿದರು. ಆಮೇಲೆ ಸಾಲು ಸೋಲು. ಮೇ 5ರ ಹೊತ್ತಿಗೆ 7 ಪಂದ್ಯ, 2 ಗೆಲುವು, 5 ಸೋಲು. ಮೇ 7ಕ್ಕೆ ಸಿಇಒ ಚಾರು ಶರ್ಮಾ ಅವರನ್ನು ನಡು ಸೀಸನ್‌ನಲ್ಲೇ ತೆಗೆದು, ಬ್ರಿಜೇಶ್ ಪಟೇಲ್ ಅವರನ್ನು ಕೂರಿಸಿದರು. ಆಟಗಾರರ ಆಯ್ಕೆ ದ್ರಾವಿಡ್ ಮತ್ತು ಶರ್ಮಾ ಅವರದು ಅಂತ ಮಲ್ಯ ಬಹಿರಂಗವಾಗಿಯೇ ಅಸಮಾಧಾನ ತೋಡಿಕೊಂಡರು. ಕ್ಯಾಪ್ಟನ್ ಇನ್ನೂ ಮೈದಾನದಾಗ ಇರುವಾಗಲೇ!

ಈಗ ನಾನು ಹೇಳಬೇಕಂದಿದ್ದ ಲೆಕ್ಕ ಇದು. ಸಿಇಒ ಬದಲಾದ ಮೇಲೆ ಉಳಿದದ್ದೂ ಏಳೇ ಪಂದ್ಯ. ಅದರಾಗ ಗೆಲುವು 2, ಸೋಲು 5. ಮೊದಲೂ ಅಷ್ಟೇ, ಆಮೇಲೂ ಅಷ್ಟೇ. ಒಬ್ಬ ಮನುಷ್ಯನ ನೌಕರಿ ಹೋತು, ಪಟ್ಟಿಯೊಳಗ ಒಂದು ಅಂಕಿನೂ ಹಂದಲಿಲ್ಲ. ತವರಿನಲ್ಲಿ ಏಳರಲ್ಲಿ ಒಂದೇ ಗೆಲುವು, ಅದೂ ಡೆಕ್ಕನ್ ಮೇಲೆ 3 ರನ್ನಿಂದ. ಒಟ್ಟು 14ರಲ್ಲಿ 4 ಗೆದ್ದು ಎಂಟು ತಂಡಗಳಲ್ಲಿ ಏಳನೇ ಸ್ಥಾನ. ಮತ್ತೆ ಆ ಇಡೀ ಸೀಸನ್‌ನಲ್ಲಿ ತಂಡದ ಪರ ಹೆಚ್ಚು ರನ್ ಹೊಡೆದವರು ಯಾರು? 371 ರನ್ ಹೊಡೆದ ಅದೇ ‘ಟೆಸ್ಟ್’ ದ್ರಾವಿಡ್.

ಆದರೂ ಕ್ಯಾಪ್ಟನ್ಸಿ ಹೋತು. 2009ಕ್ಕೆ 15.5 ಲಕ್ಷ ಡಾಲರ್ ಕೊಟ್ಟು ಕೆವಿನ್ ಪೀಟರ್ಸನ್‌ನ ತಂದು ನಾಯಕ ಮಾಡಿದರು. ಲೋಕಸಭಾ ಚುನಾವಣೆ ಇದ್ದದ್ದಕ್ಕೆ ಆ ವರ್ಷ ಐಪಿಎಲ್ ದಕ್ಷಿಣ ಆಫ್ರಿಕಾಕ್ಕೆ ಹೋಗಿತ್ತು. ಮೊದಲ ಪಂದ್ಯದ ತಾರೀಕು ನೋಡ್ರಿ: ಮತ್ತೆ ಏಪ್ರಿಲ್ 18. ಕೇಪ್‌ಟೌನ್‌ನಲ್ಲಿ ಚಾಂಪಿಯನ್ ರಾಜಸ್ಥಾನದ ಎದುರು 133 ರನ್, ಅದರಲ್ಲಿ 66 ದ್ರಾವಿಡ್ ಅವರದು. ಆಮೇಲೆ ಕುಂಬ್ಳೆ 5 ರನ್ ಕೊಟ್ಟು 5 ವಿಕೆಟ್ ಕಿತ್ತರು, ರಾಜಸ್ಥಾನ 58ಕ್ಕೆ ಆಲೌಟ್. ಹಿಂದಿನ ವರ್ಷ ಮುದುಕರು ಅನಿಸಿಕೊಂಡ ಅದೇ ಇಬ್ಬರು.

ಪೀಟರ್ಸನ್ ದೇಶದ ಆಟಕ್ಕೆ ಹೊಂಟು ಹೋದ ಮೇಲೆ ಕುಂಬ್ಳೆ ನಾಯಕರಾಗಿ ತಂಡವನ್ನ ಫೈನಲ್‌ಗೆ ಒಯ್ದರು. ಎದುರಿಗೆ ಬಂದದ್ದು ಡೆಕ್ಕನ್ ಚಾರ್ಜರ್ಸ್, 2008ರಲ್ಲಿ ನಮಗಿಂತಲೂ ಕೆಳಗೆ ಎಂಟನೇ ಸ್ಥಾನದಲ್ಲಿದ್ದ ತಂಡ. ಒಂದು ವರ್ಷದ ಹಿಂದ ಕಟ್ಟಕಡೆಗೆ ಕೂತವರಿಬ್ಬರೇ ಜೋಹಾನ್ಸ್‌ಬರ್ಗ್‌ನಲ್ಲಿ ಕಪ್ಪಿಗೆ ಹೊಡೆದಾಡಿದರು. ಮೇ 24. ಕುಂಬ್ಳೆ 16 ರನ್ನಿಗೆ 4 ವಿಕೆಟ್, ಸೋತ ತಂಡದಲ್ಲಿದ್ದೂ ಪಂದ್ಯಶ್ರೇಷ್ಠ. ಡೆಕ್ಕನ್ 143, ನಾವು 137. ಆರು ರನ್ ಕಡಿಮಿ ಬಿತ್ತು.

2025ರಲ್ಲಿ ಪಂಜಾಬ್ ಮೇಲೆ ಗೆದ್ದದ್ದೂ ಆರೇ ರನ್ನಿಂದ, ನೆನಪದ ಅಲ್ಲ?

ಮುಂದಿನ ಭಾಗ: 2017, ಈಡನ್ ಗಾರ್ಡನ್ಸ್, 49 ಆಲೌಟ್. ಮನಸ್ಸು ಗಟ್ಟಿ ಮಾಡ್ಕೊಂಡು ಬರ್ರಿ.

#ಸೋತವರಸರಣಿ #ಆರ್‌ಸಿಬಿ #ಚಡಚಣ