ಪಿ.ಪಿ. ನಂಬರು

ನಾನು ಸಣ್ಣವನಿದ್ದಾಗ ರಟ್ಟೀಹಳ್ಳಿಯ ನಮ್ಮ ಓಣಿಯಲ್ಲಿ ಫೋನಿದ್ದದ್ದು ಒಂದೇ ಕಡೆ, ಕಿರಾಣಿ ಅಂಗಡಿಯವರ ಮನೆಯಲ್ಲಿ. ನಮ್ಮಪ್ಪ ಬೀಗರಿಗೆ ಕಾಗದ ಬರೆಯುವಾಗ ಆ ನಂಬರನ್ನೇ ಕೊಟ್ಟು ಪಕ್ಕದಲ್ಲಿ 'ಪಿ.ಪಿ.' ಅಂತ ಬರೀತಿದ್ದ. ಟ್ರಂಕ್ ಕಾಲಿನ ಕಾಲದ ಮಾತದು: ಪರ್ಟಿಕ್ಯುಲರ್ ಪರ್ಸನ್, ಅಂದರೆ ಇಂಥವರನ್ನೇ ಕರೆದು ಕೊಡಿ ಎಂದು. ಕರೆ ಬಂದರೆ ಅಂಗಡಿಯ ಹುಡುಗ ಓಡಿ ಬಂದು "ನಿಮ್ಗ ಫೋನ್ ಬಂದೈತ್ರೀ" ಅಂತಿದ್ದ. ಹತ್ತು ಮನೆಗೆ ಒಂದೇ ನಂಬರು. ಯಾವ ಕರೆ ಯಾರದು ಅನ್ನೋದು ಅಂಗಡಿಯವರ ತಲೆಯಲ್ಲಿ.

ಬಿ.ಇ. ಓದುವಾಗ ಕ್ಲಾಸಿನಲ್ಲಿ 'ನ್ಯಾಟ್' ಪಾಠ ಬಂದಾಗ ನನಗೆ ನೆನಪಾದದ್ದು ಆ ಅಂಗಡಿಯೇ.

ಇಂಟರ್ನೆಟ್ ಕಟ್ಟಿದವರ ಲೆಕ್ಕದಲ್ಲಿ ಪ್ರತಿ ಕಂಪ್ಯೂಟರಿಗೂ ಸ್ವಂತದ್ದೊಂದು ನಂಬರು. 32 ಬಿಟ್ಟಿನ ವಿಳಾಸ, ಒಟ್ಟು ಸುಮಾರು 430 ಕೋಟಿ. ತೊಂಬತ್ತರ ದಶಕದ ಹೊತ್ತಿಗೇ ಇದು ಸಾಲುವುದಿಲ್ಲ ಅಂತ ಗೊತ್ತಾಗಿತ್ತು. 1994ರ ಮೇ ತಿಂಗಳಲ್ಲಿ ಎಗೆವಾಂಗ್ ಮತ್ತು ಪಾಲ್ ಫ್ರಾನ್ಸಿಸ್ ಎಂಬಿಬ್ಬರು ಆರ್‌ಎಫ್‌ಸಿ 1631 ಎಂಬ ದಾಖಲೆಯಲ್ಲಿ ಒಂದು ಉಪಾಯ ಬರೆದರು. ಒಳಗಿನವರಿಗೆ ಒಳಗಿನ ನಂಬರು, ಹೊರಗಿನವರಿಗೆ ಕಾಣುವ ನಂಬರು ಬೇರೆ. ತಾತ್ಕಾಲಿಕ ಉಪಾಯ ಅಂತಲೇ ಅವರು ಹೇಳಿದ್ದರು. ಇದೇ ಮುಂದೆ ಬೆಳೆದು ಇಡೀ ಮನೆಗೆ ಒಂದೇ ನಂಬರು ಸಾಕು ಅನ್ನುವಲ್ಲಿಗೆ ಬಂತು. ಮನೆಯೊಳಗಿನ 192.168 ನಂಬರುಗಳ ಬಗ್ಗೆ ಈಗಲೂ ನಡೆಯುವ ನಿಯಮ 1996ರ ಫೆಬ್ರುವರಿಯದು. ನಮ್ಮ ಮನೆಯಲ್ಲೂ 192.168.1.5 ಇರುತ್ತದೆ, ನಿಮ್ಮ ಮನೆಯಲ್ಲೂ ಇರುತ್ತದೆ. ಊರೂರಿಗೂ ಹನುಮಪ್ಪನ ಗುಡಿ ಇದ್ದ ಹಾಗೆ, ಜಗಳವಿಲ್ಲ.

ಯಾವ ಕೋಣೆಯ ಯಾವ ಯಂತ್ರ ಏನು ಕೇಳಿತು ಅನ್ನುವುದಕ್ಕೆ ರೌಟರ್ ಒಂದು ಚೀಟಿ ಬರೆದುಕೊಳ್ಳುತ್ತದೆ. ಉತ್ತರ ಬಂದಾಗ ಚೀಟಿ ನೋಡಿ ಮುಟ್ಟಿಸುತ್ತದೆ. ಒಳಗಿನವರು ಮೊದಲು ಕೇಳದೆ ಹೊರಗಿನಿಂದ ತಾನಾಗಿ ಬಂದದ್ದನ್ನು ಸಾಮಾನ್ಯವಾಗಿ ಒಳಗೇ ಬಿಡುವುದಿಲ್ಲ. ಇನ್ನೊಂದು ವ್ಯತ್ಯಾಸ ಅಂದರೆ ಅಂಗಡಿಯವರಿಗೆ ಹತ್ತು ಮನೆಯ ಸುದ್ದಿಯೂ ವರ್ಷಗಟ್ಟಲೆ ನೆನಪಿರುತ್ತಿತ್ತು. ರೌಟರ್ ಕೆಲಸ ಮುಗಿದ ಮೇಲೆ ಚೀಟಿ ಹರಿದು ಒಗೆಯುತ್ತದೆ.

ನಮ್ಮ ದೇಶಕ್ಕೆ ವಿ.ಎಸ್.ಎನ್.ಎಲ್. 1995ರ ಆಗಸ್ಟ್ 15ರಂದು ಜನರ ಬಳಕೆಗೆ ಇಂಟರ್ನೆಟ್ ಕೊಟ್ಟಿತು. ಡಯಲಪ್ ಅದು, ನೆಟ್ ಹಚ್ಚಿದರೆ ಫೋನ್ ಎಂಗೇಜ್. 2005ರ ಜನವರಿಯಲ್ಲಿ ಬಿ.ಎಸ್.ಎನ್.ಎಲ್. ಬ್ರಾಡ್‌ಬ್ಯಾಂಡ್ ಬಂದ ಮೇಲೆ ಅದೇ ತಾಮ್ರದ ತಂತಿಯಲ್ಲಿ ಎರಡೂ ನಡೆದವು. 2011ರ ಫೆಬ್ರುವರಿ 3ರಂದು ಜಗತ್ತಿನ ನಂಬರುಗಳ ಮುಖ್ಯ ಕಣಜ ಖಾಲಿಯಾಯಿತು. ತಾತ್ಕಾಲಿಕ ಉಪಾಯ ಕಾಯಂ ಆಯಿತು.

ಒಂದೇ ನಂಬರಿನ ಇನ್ನೊಂದು ಮುಖ ಕಂಡದ್ದು 2008ರ ಜುಲೈ 26ರಂದು. ಅಹಮದಾಬಾದ್ ಸ್ಫೋಟಗಳಿಗೆ ಸ್ವಲ್ಪ ಮೊದಲು ಬಂದ ಇಮೇಲಿನ ಜಾಡು ಹಿಡಿದು ಹೋದ ಪೊಲೀಸರು ಮುಟ್ಟಿದ್ದು ನವಿ ಮುಂಬಯಿಯಲ್ಲಿದ್ದ ಒಬ್ಬ ಅಮೆರಿಕನ್ನನ ಮನೆಗೆ. ಅವನ ವೈಫೈಯನ್ನು ಬೇರೆಯವರು ಬಳಸಿಕೊಂಡಿದ್ದರು. ನಂಬರು ಮನೆ ತೋರಿಸಿತು, ಮನುಷ್ಯನನ್ನು ತೋರಿಸಲಿಲ್ಲ.

ಇದನ್ನೆಲ್ಲ ಓದಿಕೊಂಡವನು ನಾನು. ಆದರೂ 2020ರ ಲಾಕ್‌ಡೌನಿನಲ್ಲಿ ಊರಿಗೆ ಬಂದಾಗ ಮಾಡಿದ್ದು ಕೇಳಿ. ನಮ್ಮ ಹಿತ್ತಲಿನ ನಾಲ್ಕು ಕೋಣೆ ಬಾಡಿಗೆಗಿದ್ದವು, ಎಲ್ಲದಕ್ಕೂ ಸೇರಿ ನನ್ನ ಹೆಸರಿನ ಒಂದೇ ಲೈನು. ಮೊಳದಪ್ಪದ ಮಣ್ಣಿನ ಗೋಡೆ ದಾಟಿ ಸಿಗ್ನಲ್ ಹೋಗಲಿಲ್ಲ. ಕಿಟಕಿಯಿಂದ ಕೇಬಲ್ ಎಳೆದು ಆ ಕಡೆ ಒಂದು ಹಳೇ ರೌಟರ್ ಇಟ್ಟೆ. ಬಿಲ್ಲಿನಲ್ಲಿ ಎಲ್ಲರದೂ ಸಮಪಾಲು.

ದಿನಾ ಸಂಜೆ ನೆಟ್ ತೆವಳತೊಡಗಿತು. "ಮೂಲಿ ಖೋಲಿ ಹುಡುಗ ಕ್ರಿಕೆಟ್ ನೋಡ್ತಾನ್ರೀ" ಅಂದರು ಉಳಿದವರು. ನಾನೂ ವಿಚಾರ ಮಾಡಲಿಲ್ಲ, ಪಾಸ್‌ವರ್ಡ್ ಬದಲಿಸಿ ಅವನೊಬ್ಬನಿಗೆ ಹೇಳದೆ ಬಿಟ್ಟೆ. ಎರಡು ದಿನ ಅವನು ಕದಂಬೇಶ್ವರ ಗುಡಿ ಕಡೆ ಹೋಗಿ, ಮೊಬೈಲ್ ಸಿಗ್ನಲ್ ಹುಡುಕಿ, ಕಾಲೇಜಿನ ಕ್ಲಾಸು ಕೇಳಿದ.

ನೆಟ್ ಮಾತ್ರ ತೆವಳುತ್ತಲೇ ಇತ್ತು. ಮೂರನೇ ಸಂಜೆ ರೌಟರಿನ ಪುಟ ತೆಗೆದು ನೋಡಿದೆ. ಕೆಳಗೆ ಬರುವ ದಾರಿ ಅರ್ಧ ಖಾಲಿ, ಮೇಲೆ ಹೋಗುವ ದಾರಿ ಭರ್ತಿ. ತಾಮ್ರದ ಲೈನಿನಲ್ಲಿ ಮೇಲೆ ಹೋಗುವ ದಾರಿ ಮೊದಲೇ ಸಣ್ಣದು. ಬಂದ ಪ್ರತಿ ಮಾಹಿತಿಗೂ 'ಮುಟ್ಟಿತು' ಅನ್ನುವ ರಸೀದಿ ಅದೇ ದಾರಿಯಲ್ಲಿ ಹೋಗಬೇಕು, ರಸೀದಿ ತಡವಾದರೆ ಮುಂದಿನ ಕಂತೂ ತಡ. ದಾರಿ ಕಟ್ಟಿದ್ದ ಯಂತ್ರ 192.168.1.5. ಅದು ನನ್ನದೇ ಲ್ಯಾಪ್‌ಟಾಪ್, ಆರು ವರ್ಷದ ಫೋಟೋಗಳನ್ನು ಬ್ಯಾಕಪ್ ಮಾಡುತ್ತ ಕೂತಿತ್ತು.

ಹುಡುಗನ ಕೋಣೆಗೆ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದೆ. "ಹೋಗ್ಲಿ ಬಿಡ್ರೀ" ಅಂದ, ಮುಖ ಎತ್ತಲಿಲ್ಲ. ಆ ತಿಂಗಳ ಪಾಲು ಬೇಡ ಅಂದರೂ ಕೇಳದೆ ತಂದುಕೊಟ್ಟ. ಬ್ಯಾಕಪ್ಪಿಗೆ ಈಗ ರಾತ್ರಿ 1 ಗಂಟೆಯ ಪಾಳಿ.